ಹುಲಿಗೆವ್ವನ ಹಲ್ಲು ಬಿದ್ದ ದಿನ

ಗದಗ, ಫೆಬ್ರವರಿ ಮೂವತ್ತು, 2214

ಹಿಂದಿನ ಕಾಲದ ಬಂಧುಗಳೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ತಿಂಗಳುಗಳನ್ನು ನಾವು ಸರಿಸಮ ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಮನ್ನಿಸಿ. ನಾನು ಶಾಂಭವಿ ಕುಪ್ಪೇಲೂರ, ಇಲ್ಲಿನ ಕೋಶಾಲಯದ ವೈದ್ಯೆ. ಕೋಶಾಲಯವೆಂದರೆ ಜೀವಕೋಶಗಳನ್ನು ದೇಹದೊಳಗೇ ರಿಪೇರಿ ಮಾಡುವ ಆಸ್ಪತ್ರೆ. ಜನ ಬೆಳಿಗ್ಗೆ ಬಂದು ಒಳಗನ್ನಡಿಯ ಮೇಲೆ ಬೆರಳಿಟ್ಟು, ತಮ್ಮದೇ ಕೋಶಗಳೊಳಗಿನ ಓಡಾಟವನ್ನು ನೋಡುತ್ತಾ ಹರಟೆ ಹೊಡೆಯುತ್ತಾರೆ.

ಹೋದ ವರ್ಷ ಕುಷ್ಟಗಿಯ ನೇಕಾರ್ತಿ ದ್ಯಾಮವ್ವ ಆರು ವರ್ಷದ ಮಗಳು ಹುಲಿಗೆವ್ವನನ್ನು ಕರೆತಂದಳು. ಮಗುವಿಗೆ ಗಾಯವಾದರೆ ರಕ್ತ ನಿಲ್ಲುತ್ತಿರಲಿಲ್ಲ. ಹೆಪ್ಪುಗಟ್ಟಿಸುವ ಎರಡು ಪ್ರೋಟೀನುಗಳು ರಕ್ತದಲ್ಲಿ ತೀರಾ ಕಡಿಮೆಯಿದ್ದವು. ದೇಹ ಅವನ್ನು ತಯಾರಿಸುತ್ತಲೇ ಇಲ್ಲವೆಂದು ಊರಿನ ವೈದ್ಯರು ಹೇಳಿದ್ದರು. ಹೊರಗಿನಿಂದ ಕೊಟ್ಟದ್ದು ಕೆಲವು ದಿನಗಳಲ್ಲೇ ಕರಗಿಹೋಗುತ್ತಿತ್ತು. ಈಗ ಮುಂದಿನ ಹಾಲುಹಲ್ಲು ಅಲುಗಾಡತೊಡಗಿತ್ತು. ತಾಯಿಗೆ ಅದೇ ದಿಗಿಲು.

ಒಳಗನ್ನಡಿಯಲ್ಲಿ ನೋಡಿದೆ. ಪ್ರೋಟೀನುಗಳು ತಯಾರಾಗುತ್ತಿದ್ದವು! ಅವು ಹುಟ್ಟುವ ಪೊರೆಯ ಮಡಿಕೆಗಳಿಂದ ಪುಟ್ಟ ಚೀಲಗಳು ಮೊಳೆತು, ಗಾಲ್ಗಿ ಎಂಬ ವಿಂಗಡಣೆಯ ಮನೆಗೆ ಹೋಗುತ್ತವೆ. ಅಲ್ಲಿಂದ ಬೇರೆ ಚೀಲಗಳು ಸರಕನ್ನು ಕೋಶದ ಅಂಚಿಗೆ ಒಯ್ದು ಹೊರಗೆ ಬಿಡುತ್ತವೆ. ಈ ಮಗುವಿನಲ್ಲಿ ಚೀಲಗಳು ಹೊರಡುತ್ತಿದ್ದವು, ಉಳಿದ ಸರಕೂ ಹೋಗುತ್ತಿತ್ತು. ಈ ಎರಡು ಮಾತ್ರ ಹಿಂದುಳಿಯುತ್ತಿದ್ದವು. ಅವನ್ನು ಹಿಡಿದು ಚೀಲಕ್ಕೆ ಹತ್ತಿಸುವ ಇನ್ನೊಂದು ಪ್ರೋಟೀನು, ನಾವು ಹಮಾಲ ಎನ್ನುವುದು, ಅವಳಲ್ಲಿ ಇರಲೇ ಇಲ್ಲ.

"ಮಾಲು ತಯಾರ ಐತಿ, ದ್ಯಾಮವ್ವ. ಹೇರಾವ ಇಲ್ಲ, ಅಷ್ಟ," ಎಂದೆ.

ಹಾಗಾದರೆ ಹೇರುವವನನ್ನು ಹುಟ್ಟಿಸಲು ಆಗುತ್ತದೆಯೇ ಎಂದು ಅವಳು ಕೇಳಿದಳು. ಹಮಾಲನನ್ನು ಕಟ್ಟುವ ಜೀನನ್ನು ತಿದ್ದಲು ನಾಲ್ಕು ತಿಂಗಳು ಹಿಡಿಯಿತು. ಹೊರಗಿನ ಪ್ರೋಟೀನು ನಿಲ್ಲಿಸಿ ಮೂರು ವಾರವಾಗಿತ್ತು. ಒಂದು ಮಧ್ಯಾಹ್ನ ಕೋಶಾಲಯದ ಪಡಸಾಲೆಯಲ್ಲಿ ಹುಲಿಗೆವ್ವ ಸಜ್ಜೆ ರೊಟ್ಟಿ ಕಚ್ಚುತ್ತಿದ್ದಾಗ ಹಲ್ಲು ಬಿದ್ದೇಬಿಟ್ಟಿತು. ದ್ಯಾಮವ್ವ ಹತ್ತಿ ಒತ್ತಿ ಹಿಡಿದಳು. ಮೊದಲ ಹತ್ತಿ ಕೆಂಪಾಯಿತು, ಎರಡನೆಯದೂ. ನನ್ನ ಕೈ ಔಷಧಿಯ ಪೆಟ್ಟಿಗೆಯ ಮೇಲಿತ್ತು. ಮೂರನೆಯದು ಬೆಳ್ಳಗೇ ಹೊರಬಂತು.

"ನಿಂತೈತ್ರಿ ಅಕ್ಕಾರ," ಎಂದಳು ಮೆಲ್ಲಗೆ. "ತಾನ ನಿಂತೈತಿ."

ಪಡಸಾಲೆಯಲ್ಲಿದ್ದವರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು. ಹುಲಿಗೆವ್ವ ಉಳಿದ ರೊಟ್ಟಿ ಕೇಳಿದಳು.

ಈ ಗೆಲುವನ್ನು ನಿಮಗೆ ತಿಳಿಸದೆ ಇರಲಾರೆ. ಆ ಹಮಾಲನನ್ನು ಮೊದಲು ಕಂಡು ಬರೆದಿಟ್ಟವರು ನಿಮ್ಮ ಕಾಲದವರೇ. ಆ ಪುಟಗಳಿಲ್ಲದಿದ್ದರೆ ನಾನು ಎಲ್ಲಿ ಹುಡುಕಬೇಕೆಂದೇ ತಿಳಿಯುತ್ತಿರಲಿಲ್ಲ. ಒಂದೇ ಕೋರಿಕೆ: ಯಾವ ಉಪಯೋಗಕ್ಕೆ ಎಂದು ಯಾರಾದರೂ ಕೇಳಿದರೂ, ಕಂಡದ್ದನ್ನು ಬರೆದಿಡುವುದನ್ನು ಬಿಡಬೇಡಿ. ಓದುವವರು ನಾವು ಹುಟ್ಟಿಬರುತ್ತಿದ್ದೇವೆ.

ಶಾಂಭವಿ