ಇಳಿದೆ ಅನ್ನುವವರೆಗೂ

ಪ್ರೀತಿಯ ಗುಬ್ಬಿ,

ಈ ಹೆಸರಿನಿಂದ ನಿನ್ನನ್ನು ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ನಲವತ್ತೈದು ದಾಟಿದ, ಡಿಪೋದಲ್ಲಿ ಕುಳಿತು ಬಸ್ಸುಗಳು ಹೋಗಿ ಬರುವ ಹೊತ್ತು ಬರೆಯುವ ಗಂಡಸನ್ನು ಗುಬ್ಬಿ ಅನ್ನುವುದು ನಗೆಪಾಟಲೇ ಸರಿ. ಆದರೆ ಸರಿಯಾಗಿ ನಡೆಯಲು ಬರುವ ಮೊದಲೇ ಕಿಟಕಿ ಹತ್ತಿ ಕುಳಿತವನಿಗೆ ಅಪ್ಪ ಇಟ್ಟ ಹೆಸರು ಅದು. ಬೇರೆ ಹೆಸರು ಬರೆದರೆ ನನ್ನ ಪೆನ್ನು ಮುಂದಕ್ಕೆ ಹೋಗುವುದಿಲ್ಲ.

ನಿನಗೆ ಎರಡು ವಿಷಯ ಹೇಳಬೇಕಿದೆ. ಒಂದು ಮದುವೆಯ ಕರೆ. ಇನ್ನೊಂದು, ಒಂಬತ್ತು ವರ್ಷದಿಂದ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿರುವ ಒಂದು ಸತ್ಯ. ಸತ್ಯವನ್ನೇ ಮೊದಲು ಬರೆದರೆ ನೀನು ಕರೆಯವರೆಗೂ ಓದದೆ ಕಾಗದ ಹರಿದು ಹಾಕಬಹುದು. ಅದಕ್ಕೇ ಕರೆಯಿಂದ ಶುರು ಮಾಡುತ್ತೇನೆ. ನಿನ್ನ ಅಕ್ಕ ಯಾವತ್ತೂ ಹೀಗೇ, ತನಗೆ ಅನುಕೂಲವಾದ ತುದಿಯಿಂದಲೇ ಸರ ಬಿಚ್ಚುವವಳು.

ನಿನ್ನ ಸೊಸೆಗೆ, ಅಂದರೆ ನನ್ನ ಮಗಳಿಗೆ, ಮದುವೆ. ಹುಡುಗ ಬೇಕರಿಯವನು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸುವವನು, ಮಾತು ಕಡಿಮೆ, ಕಿವಿಯ ಹಿಂದೆ ಯಾವಾಗಲೂ ಒಂದಿಷ್ಟು ಮೈದಾ ಹಿಟ್ಟು. ಏಣಿ ಕಂಡರೆ ಅವನಿಗೆ ಭಯ. ಲೈಟಿನವರ ಮನೆಗೆ ಅಳಿಯನಾಗಿ ಬರುವವನು ಮೂರನೇ ಮೆಟ್ಟಿಲಲ್ಲಿ ಕಣ್ಣು ಮುಚ್ಚುತ್ತಾನೆ ಅಂದರೆ ಅಪ್ಪ ಎಷ್ಟು ನಗುತ್ತಿದ್ದರೋ! ನನಗೆ ಮಾತ್ರ ಸಮಾಧಾನವಾಯಿತು. ಏಣಿ ಹತ್ತದ ಗಂಡ ಅಂದರೆ ನನ್ನ ಮಗಳು ರಾತ್ರಿ ನೆಮ್ಮದಿಯಾಗಿ ಮಲಗುತ್ತಾಳೆ.

ಮದುವೆ ವರ್ಷದ ಕೊನೆಯ ರಜೆಯಲ್ಲಿ. ಬೇರೆ ದಿನವೇ ಸಿಗಲಿಲ್ಲ. ಅಂಗಡಿಗಳಿಗೆ ಲೈಟಿನ ಸರ ಕಟ್ಟುವ ನಮ್ಮ ಕಸುಬು ನಿನಗೆ ಗೊತ್ತಲ್ಲ, ಊರಿಗೆಲ್ಲ ಹಬ್ಬ ಬಂದರೆ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ಅವನದೂ ಅದೇ ಪಾಡು, ಕೇಕಿನ ಮೇಲೆ ಕೇಕು. ಆದರೆ ರಜೆ ಶುರುವಾದ ಮೇಲೆ ಒಂದು ವಾರ ನಮ್ಮ ಲೈಟುಗಳು ಮೇಲೇರಿ ಉರಿಯುತ್ತಿರುತ್ತವೆ, ಇಳಿಸುವ ಕಾಲ ಇನ್ನೂ ಬಂದಿರುವುದಿಲ್ಲ. ಅವನಿಗೂ ಆ ವಾರ ಎರಡು ದಿನ ಬಿಡುವು. ಆ ಸಂದಿಯಲ್ಲಿ ನುಸುಳಿ ಮದುವೆಯಾಗಿಬಿಡೋಣ ಅಂತ ಇಬ್ಬರೂ ತೀರ್ಮಾನಿಸಿಬಿಟ್ಟರು. ಆ ವಾರದ ಭಾನುವಾರ, ಸಂಜೆ ನಾಲ್ಕೂವರೆಗೆ. ಈಗ ಐದಕ್ಕೆಲ್ಲ ಕತ್ತಲಾಗುತ್ತದೆ, ದೀಪ ಹಚ್ಚಿದ ಕೂಡಲೇ ಕೇಕು ಕತ್ತರಿಸಬೇಕಂತೆ.

ರಜೆಯಲ್ಲಿ ಯಾವ ಹಾಲ್ ಸಿಗುತ್ತದೆ ಹೇಳು? ಎಲ್ಲ ಒಂದು ವರ್ಷ ಮೊದಲೇ ಬುಕ್. "ನಮ್ಮ ವರ್ಕ್‌ಶಾಪಲ್ಲೇ ಮಾಡ್ಕೊಳ್ಳೋಣಮ್ಮ. ಮೂವತ್ತು ಜನ ಸಾಕು. ನಮ್ಮ ಹೆಸರು ನೆಟ್ಟಗೆ ಗೊತ್ತಿರೋರು ಮಾತ್ರ ಬರಲಿ" ಅಂದಳು ಮಗಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಮೂವತ್ತು ಜನರ ಮದುವೆಗೂ ಆ ಮಾತಿನಿಂದ ಬಿಡುಗಡೆ ಇಲ್ಲ ಕಣೋ. ನಿನ್ನ ಭಾವ ಬೀದಿ ಬೀದಿ ಅಲೆದು ಕುರ್ಚಿ ಎರವಲು ತರುತ್ತಿದ್ದಾರೆ, ಒಂದರ ಹಾಗೆ ಇನ್ನೊಂದಿಲ್ಲ. ಕ್ಷೌರದಂಗಡಿಯ ತಿರುಗುವ ಕುರ್ಚಿಯೂ ಒಂದು ಬಂದಿದೆ, ಅದರ ಮೇಲೆ ಈಗಲೇ ಎಲ್ಲರ ಕಣ್ಣು. ತಗಡಿನ ಚಾವಣಿ, ಚಳಿ ಮೂಳೆಗೆ ಇಳಿಯುತ್ತದೆ. ಎರಡು ಹೀಟರ್ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ, ಹೋದರೆ ಊರೆಲ್ಲ ನಮ್ಮನ್ನೇ ಆಡಿಕೊಳ್ಳುತ್ತದೆ. ಆದ್ದರಿಂದ ಒಂದೇ ಹೀಟರ್, ಪ್ರತಿ ಕುರ್ಚಿಯ ಮೇಲೆ ಒಂದು ಕಂಬಳಿ, ಬಂದ ತಕ್ಷಣ ಕೈಗೊಂದು ಲೋಟ ಬಿಸಿ ಸೂಪು. ಈ ಚಳಿಗೆ ಹೂವು ಸಿಗುವುದಿಲ್ಲ. ಹಸಿರು ಕೊಂಬೆಗಳನ್ನೇ ತಂದು ಕೆಂಪು ರಿಬ್ಬನ್ ಕಟ್ಟುವುದು ಅಂತಾಗಿದೆ. ಕರೆಯೋಲೆಗಳನ್ನು ಮಗಳೇ ಕೈಯಾರೆ ಬರೆದಳು.

ಎಲ್ಲ ಆಯಿತು ಅಂದುಕೊಂಡ ಮೇಲೆ ನೆನಪಾಯಿತು ನೋಡು, ಮನೆಯಲ್ಲಿ ಒಂದೂ ಸೀರಿಯಲ್ ಸೆಟ್ ಇಲ್ಲ! ನಮ್ಮ ಲೈಟೆಲ್ಲ ಊರಿನ ಅಂಗಡಿಗಳ ಮೇಲೆ ಉರಿಯುತ್ತಿವೆ. ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ. ಉಳಿದಿದ್ದು ಅಟ್ಟದ ಮೇಲಿನ ಮರದ ಪೆಟ್ಟಿಗೆ ಒಂದೇ. ಅಪ್ಪನ ಕಾಲದ ಬಣ್ಣದ ಬಲ್ಬಿನ ಸರಗಳು, ಒಂದು ಬಲ್ಬು ಹೋದರೆ ಇಡೀ ಸರ ಮುಷ್ಕರ ಹೂಡುತ್ತದಲ್ಲ, ಅವು. ಒಂಬತ್ತು ವರ್ಷದಿಂದ ಆ ಪೆಟ್ಟಿಗೆಯನ್ನು ನಾನು ಮುಟ್ಟಿರಲಿಲ್ಲ. ಯಾಕೆ ಅಂತ ನಿನಗೂ ಗೊತ್ತು.

ತೆಗೆದರೆ, ಹನ್ನೆರಡು ಸರಗಳಲ್ಲಿ ಹನ್ನೊಂದನ್ನು ನೀನು ರಟ್ಟಿಗೆ ಎಂಟರ ಆಕಾರದಲ್ಲಿ ಸುತ್ತಿಟ್ಟದ್ದು ಹಾಗೇ ಇತ್ತು. ಒಂದೊಂದಕ್ಕೂ ನಿನ್ನ ಚೀಟಿ. 'ಹದಿಮೂರನೇ ಬಲ್ಬು ಸೋಮಾರಿ, ಬೆರಳಲ್ಲಿ ಒಂದು ಕೊಟ್ಟರೆ ಎದ್ದೇಳುತ್ತೆ.' 'ಇದರ ಹಸಿರು ಹೋಗಿದೆ, ಅಪ್ಪನಿಗೆ ಹೇಳಬೇಡ, ನಾನು ಒಡೆದದ್ದು.' ವರ್ಕ್‌ಶಾಪಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಚ್ಚಿ ನೋಡಿದೆ. ಹದಿಮೂರನೆಯದಕ್ಕೆ ಬೆರಳಲ್ಲಿ ಒಂದು ಕೊಟ್ಟೆ. ಎದ್ದಿತು ಕಣೋ. ನಾನು ನಕ್ಕೆ, ಆಮೇಲೆ ಜೋರಾಗಿ ಅತ್ತೆ. ನಿನ್ನ ಭಾವ ಕುರ್ಚಿ ಹೊತ್ತುಕೊಂಡು ಬಂದವರು ನನ್ನನ್ನು ನೋಡಿ, ಅದೇ ಕುರ್ಚಿ ಹೊತ್ತುಕೊಂಡು ಹಾಗೇ ಹೊರಗೆ ಹೋದರು.

ಹನ್ನೆರಡನೆಯದಕ್ಕೆ ಚೀಟಿ ಇರಲಿಲ್ಲ. ಅದನ್ನು ನೀನು ಏಣಿಯಿಂದ ಬಿದ್ದ ಆ ಸಂಜೆ ಅಪ್ಪ ಕಿತ್ತು ಮುದ್ದೆ ಮಾಡಿ ತುರುಕಿದ್ದು. ಬಿಡಿಸಿದಾಗ ಮಧ್ಯದಲ್ಲಿ ಒಂದು ಜಾಯಿಂಟು ಸಿಕ್ಕಿತು. ಎರಡು ತಂತಿ ಸೇರಿಸಿ ತಿರುಚಿದೆ, ಮೇಲೆ ಟೇಪು ಇಲ್ಲ. ನೀನು ಟೇಪು ಹಾಕುವುದರೊಳಗೆ ನಾನು ಸ್ವಿಚ್ ಹಾಕಿದ್ದೆನಲ್ಲ.

ಅದನ್ನು ಕೈಯಲ್ಲಿ ಹಿಡಿದೇ ಕೂತಿದ್ದೆ, ಮಗಳು ಮೂವತ್ತು ಜನರ ಪಟ್ಟಿ ತಂದು ಮುಂದಿಟ್ಟಳು. ಎಲ್ಲರಿಗಿಂತ ಮೇಲೆ 'ಮಾವ' ಅಂತ ಬರೆದಿದ್ದಳು. ನಾನು ಅಭ್ಯಾಸಬಲದಿಂದ, "ಅವನು ಬರಲ್ಲ ಬಿಡು. ತಾನೇ ಕೂಗದೆ ಬಿದ್ದು, ನಮ್ಮ ಮೇಲೆ ಮುನಿಸಿಕೊಂಡು ಹೋದ" ಅಂದೆ. ಒಂಬತ್ತು ವರ್ಷದಿಂದ ಕೇಳಿದವರಿಗೆಲ್ಲ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಮಾತು. ಅವಳು ಪಟ್ಟಿಯಿಂದ ತಲೆ ಎತ್ತಲಿಲ್ಲ. "ಮಾವ ಕೂಗಿದ್ದು ನಂಗೆ ಕೇಳ್ಸಿತ್ತಮ್ಮ. ನಾನು ನಿನ್ನ ಪಕ್ಕದಲ್ಲೇ ಇದ್ದೆ. ನಿಂಗೂ ಕೇಳ್ಸಿತ್ತು" ಅಂದಳು.

ಆಗ ಅವಳಿಗೆ ಹದಿನೈದು. ಅಂಗಡಿ ಬೀದಿಯ ಲೈಟು ನೋಡಲು ಬಂದು ನನ್ನ ಶಾಲಿನೊಳಗೆ ಕೈ ಬೆಚ್ಚಗೆ ಮಾಡಿಕೊಳ್ಳುತ್ತಾ ನಿಂತಿದ್ದಳು. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಅಂತ ಕೇಳಿದೆ. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ" ಅಂದಳು. ಬೈದಿದ್ದರೆ ನಾನೂ ತಿರುಗಿ ಬೈದು ಬಿಡುತ್ತಿದ್ದೆ. ಅವಳು ಬೈಯಲಿಲ್ಲ.

ಈಗ ಕೇಳು, ಗುಬ್ಬಿ. ಅಪ್ಪನ ನಿಯಮ ನಮ್ಮಿಬ್ಬರಿಗೂ ಅಆಇಈಗಿಂತ ಮೊದಲೇ ಬಾಯಿಪಾಠವಾಗಿತ್ತು. ಸ್ವಿಚ್ ಬೋರ್ಡಿನ ಹತ್ತಿರ ನಿಂತವರು "ಮೇಲೆ?" ಅಂತ ಕೂಗಬೇಕು. ಏಣಿಯ ಮೇಲಿರುವವರ ಕೈ ಇನ್ನೂ ತಂತಿಯಲ್ಲಿದ್ದರೆ "ಇದ್ದೀನಿ" ಅನ್ನಬೇಕು. ಕೆಳಗೆ ಬಂದ ಮೇಲೆ "ಇಳಿದೆ" ಅನ್ನಬೇಕು. ಇಳಿದೆ ಅನ್ನುವವರೆಗೂ ಸ್ವಿಚ್ಚಿಗೆ ಕೈ ಹಾಕುವ ಹಾಗಿಲ್ಲ, ಆಕಾಶವೇ ಕಳಚಿ ಬಿದ್ದರೂ ಸರಿ. ಈ ಆಟ ಮನೆಯಲ್ಲೂ ನಡೆಯುತ್ತಿತ್ತು. ನೀನು ಅಟ್ಟದ ಮೇಲೆ ಅಡಗಿದಾಗ ಅಮ್ಮ ಊಟಕ್ಕೆ "ಮೇಲೆ?" ಅಂತಲೇ ಕೂಗುತ್ತಿದ್ದಳು.

ಆ ಸಂಜೆ ನಾನು ಕೂಗಿದೆ. ನೀನು "ಇದ್ದೀನಿ ಅಕ್ಕಾ, ಒಂದ್ನಿಮಿಷ" ಅಂದೆ. ಸ್ಪಷ್ಟವಾಗಿ ಕೇಳಿಸಿತು. ಬೀದಿಯ ಉಳಿದ ಅಂಗಡಿಗಳೆಲ್ಲ ಆಗಲೇ ಜಗಮಗ ಅನ್ನುತ್ತಿದ್ದವು. ನಾವು ಲೈಟು ಕಟ್ಟುತ್ತಿದ್ದ ಅಂಗಡಿಯ ಯಜಮಾನ ಕಾಲು ಗಂಟೆಯಿಂದ ಕಿವಿಯ ಹತ್ತಿರ ಅರಚುತ್ತಿದ್ದ, ಜನ ಸೇರಿದ್ದರು. ನೀನಿರುವುದು ಆ ತುದಿಯ ಸರದಲ್ಲಿ, ಈ ತುದಿಯದನ್ನು ಹಾಕಿದರೆ ಏನಾಗುತ್ತದೆ ಅಂದುಕೊಂಡೆ. ಎರಡೂ ಸರ ಒಂದೇ ಸ್ವಿಚ್ಚಿಗೆ ಸೇರಿದೆ ಅನ್ನುವುದು ಹಾಕಿದ ಮೇಲೆ ನೆನಪಾಯಿತು. ಮಧ್ಯಾಹ್ನ ಅದನ್ನು ಹಾಗೆ ಸೇರಿಸಿದವಳೂ ನಾನೇ. ಅಷ್ಟರಲ್ಲಿ ಶಾಕ್ ಹೊಡೆದು ನೀನು ಏಣಿಯಿಂದ ಬಿದ್ದಾಗಿತ್ತು.

ಇಷ್ಟೇ ಆಗಿದ್ದರೆ ಅದು ಕೈತಪ್ಪು. ಯಾರಿಂದಲೂ ಆಗಬಹುದಾದ್ದು. ನಾನು ಮಾಡಿದ ಪಾಪ ಅದಲ್ಲ. ಮೂರನೇ ದಿನ ಆಸ್ಪತ್ರೆಯಲ್ಲಿ, ಬಲಗೈಗೆ ಭುಜದವರೆಗೂ ಕಟ್ಟು ಕಟ್ಟಿಸಿಕೊಂಡು ಮಲಗಿದ್ದ ನೀನು ಕಣ್ಣು ಬಿಟ್ಟು ಕೇಳಿದೆ, "ಅಕ್ಕಾ, ನಾನು ಕೂಗಿದ್ದೆ ಅಲ್ವಾ?" ಅಪ್ಪ ಕಿಟಕಿಯ ಹತ್ತಿರ ನಿಂತಿದ್ದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆ ಬೆನ್ನಿಗೆ ಹೆದರಿ ನಾನು, "ಇಲ್ಲ ಕಣೋ, ಏನೂ ಕೇಳಿಸಲಿಲ್ಲ" ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪ ತಿರುಗಿ, "ಕೂಗದೆ ಇರೋನು ಈ ಕೆಲಸಕ್ಕೆ ನಾಲಾಯಕ್ಕು. ಇನ್ನು ಏಣಿ ಮುಟ್ಟಬೇಡ" ಅಂದರು. ನೀನು ಜಗಳವಾಡಲಿಲ್ಲ. ನಿನ್ನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿನಗೇ ನಿನ್ನ ಮೇಲೆ ಅನುಮಾನ ಬಂದಿತ್ತು. 'ಕೂಗಲಿಲ್ಲವೇನೋ, ಬಿದ್ದ ರಭಸಕ್ಕೆ ಕೂಗಿದೆ ಅಂತ ಅನ್ನಿಸುತ್ತಿದೆಯೇನೋ' ಅಂದುಕೊಂಡೆ ನೀನು. ನಿನ್ನ ಬಲಗೈಯ ಎರಡು ಬೆರಳು ಮಡಚದ ಹಾಗಾದದ್ದಕ್ಕಿಂತ ಇದು ದೊಡ್ಡದು. ನಿನ್ನ ಕಿವಿಯನ್ನೇ ನೀನು ನಂಬದ ಹಾಗೆ ಮಾಡಿದೆ ನಾನು.

ನೀನು ಊರು ಬಿಟ್ಟೆ. ಮೂರು ವರ್ಷದ ಮೇಲೆ ಅಪ್ಪ ಹೋದಾಗ ಬಂದು ಗೇಟಿನ ಹತ್ತಿರ ನಿಂತು, ಯಾರೂ ಕರೆಯುವ ಮೊದಲೇ ಹೊರಟುಹೋದೆ. ಕರೆಯಬೇಕಾದವಳು ನಾನು. ಆಮೇಲೆ ಒಂದೇ ಒಂದು ಕಾರ್ಡು ಬಂತು, ಹೊಸ ವಿಳಾಸ ತಿಳಿಸಲು. ಎಡಗೈಯ ಅಕ್ಷರ, ಎಲ್ಲ ಒಂದೇ ಕಡೆಗೆ ವಾಲಿದ್ದವು. ಅದನ್ನು ನಾನು ಹತ್ತಾರು ಸಲ ಓದಿದ್ದೇನೆ, ವಿಳಾಸ ಎಷ್ಟು ಸಲ ಓದಿದರೂ ವಿಳಾಸವೇ. ಬೀದಿಯಲ್ಲಿ ಯಾರಾದರೂ ಸುಮ್ಮನೆ ಏಣಿಯ ಸುದ್ದಿ ತೆಗೆದರೂ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅಪ್ಪನಿಗೆ ಸತ್ಯ ಹೇಳುವ ಕಾಲ ಮುಗಿಯಿತು. ಆ ತಪ್ಪನ್ನು ತಿದ್ದಲು ನನ್ನಿಂದ ಆಗುವುದಿಲ್ಲ, ಹೊತ್ತುಕೊಂಡೇ ಇರುತ್ತೇನೆ. ಉಳಿದವರಿಗೆ ಹೇಳಿದ್ದಾಯಿತು. ಮೊದಲು ನಿನ್ನ ಭಾವನಿಗೆ, ಆಮೇಲೆ ನಮ್ಮ ಸೋದರತ್ತೆಗೆ. ಅತ್ತೆಗೆ ಹೇಳಿದರೆ ಡಂಗುರ ಹೊಡೆಸಿದ ಹಾಗೇ ಅಂತ ನಿನಗೆ ಗೊತ್ತಲ್ಲ, ಬೇಕೆಂದೇ ಅವರನ್ನು ಆರಿಸಿದೆ. ಮಾರನೇ ದಿನ ಮಧ್ಯಾಹ್ನದೊಳಗೆ ಪಟ್ಟಿಯಲ್ಲಿದ್ದ ಎಲ್ಲರಿಗೂ ತಲುಪಿತ್ತು. ಇಬ್ಬರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಬಿಡಲಿ, ನ್ಯಾಯವೇ. ಇದನ್ನೆಲ್ಲ ನಿನ್ನನ್ನು ಮದುವೆಗೆ ಕರೆಸಿಕೊಳ್ಳಲು ಮಾಡಲಿಲ್ಲ. ನೀನು ಬಾರದಿದ್ದರೂ ನೀನು ಕೂಗಿದ್ದು ನಿಜ. ಅದನ್ನು ಇನ್ನು ಯಾರೂ ಸುಳ್ಳು ಅನ್ನುವುದಿಲ್ಲ.

ಹೊಟ್ಟೆಗೆ ಹಾಕಿಕೋ ಅಂತ ಕೇಳಲು ನನಗೆ ಬಾಯಿಲ್ಲ. ಮದುವೆಗೆ ಬಾ ಅಂತ ಮಾತ್ರ ಕೇಳುತ್ತೇನೆ. ಬಂದರೆ ಭಾನುವಾರ ಮಧ್ಯಾಹ್ನವೇ ಬಾ. ಹನ್ನೊಂದು ಸರ ಗೋಡೆಗೆ ಏರಿವೆ. ಹನ್ನೆರಡನೆಯದನ್ನು ಬಾಗಿಲ ಮೇಲಿನ ಜಾಗಕ್ಕೆ ಇಟ್ಟಿದ್ದೇನೆ. ಅದರ ಜಾಯಿಂಟಿಗೆ ನಾನು ಟೇಪು ಹಾಕಿಲ್ಲ. ನಾನು ತಂತಿ ಹಿಡಿದುಕೊಳ್ಳುತ್ತೇನೆ, ನೀನು ಎಡಗೈಯಲ್ಲಿ ಸುತ್ತು. ಕ್ಷೌರದಂಗಡಿಯ ಕುರ್ಚಿಯನ್ನೂ ನಿನಗೇ ಅಂತ ಮಗಳು ಹೆಸರು ಬರೆದು ಅಂಟಿಸಿದ್ದಾಳೆ, ಅತ್ತೆ ಆಗಲೇ ಎರಡು ಸಲ ಕಿತ್ತು ಹಾಕಿದ್ದಾರೆ.

ಆಮೇಲೆ ಆ ಸರವನ್ನು ಮೇಲೆ ಕಟ್ಟಲು ಏಣಿ ಹತ್ತುವವಳು ನಾನು. ಐವತ್ತಮೂರು ವಯಸ್ಸು, ಮಂಡಿ ನೋವು, ಹೊಸ ಸೀರೆ ಬೇರೆ. ಎಲ್ಲರೂ ಬೇಡ ಅಂತಿದ್ದಾರೆ, ಅಳಿಯನಂತೂ ಈಗಿನಿಂದಲೇ ಕಣ್ಣು ಮುಚ್ಚಿಕೊಂಡಿದ್ದಾನೆ. ಬೋರ್ಡಿನ ಹತ್ತಿರ ನೀನು ನಿಲ್ಲಬೇಕು. ನನ್ನ ಎರಡೂ ಕೈ ತಂತಿಯಲ್ಲಿರುವಾಗ, ಮೂವತ್ತು ಜನರೆದುರು, ನೀನು "ಮೇಲೆ?" ಅಂತ ಕೂಗು. ನಾನು ಇದ್ದೀನಿ ಅಂತೇನೆ. ನಿನಗೆ ಕೇಳಿಸುತ್ತದೆ ಅಂತ ನನಗೆ ಗೊತ್ತು.

ನೀನು ಬಾರದಿದ್ದರೆ ಆ ಸಂಜೆ ಮೇಣದ ಬತ್ತಿಯ ಬೆಳಕಲ್ಲೇ ಕೇಕು ಕತ್ತರಿಸುತ್ತೇವೆ ಅಂತ ಮಗಳು ಹೇಳಿದ್ದಾಳೆ. ನಿನ್ನ ಮೇಲೆ ಭಾರ ಹಾಕುವುದಕ್ಕಲ್ಲ. ಹನ್ನೊಂದು ಸರವನ್ನು ಹಾಕಬಹುದು, ಕೈಗೆಟುಕುವಷ್ಟು ದೂರದಲ್ಲೇ ಸ್ವಿಚ್ಚಿದೆ. ನನ್ನ ಕೈಯೇ ಅದಕ್ಕೆ ಹೋಗುವುದಿಲ್ಲ.

ಎಲ್ಲಿದ್ದರೂ ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಬಸ್ಸುಗಳೆಲ್ಲ ಸುಖವಾಗಿ ಹೋಗಿ ಬರಲಿ, ಅವುಗಳಲ್ಲಿ ಒಂದು ಈ ಕಡೆಗೂ ಬರಲಿ.

ನೀನು ಕೂಗಿದ್ದನ್ನು ಕೇಳಿಸಿಕೊಂಡಿದ್ದ,
ನಿನ್ನ ಅಕ್ಕ