ಡಚ್ಚರು ಹಳೇಬೀಡಿಗೆ ಬಂದಿರಲಿಲ್ಲ, ನಾನೇ ಕರೆತಂದೆ

ಪುರಾತತ್ವ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಹಳೇಬೀಡಿನಿಂದ ಜಾವಗಲ್‌ಗೆ ಹೋಗುವ ರಸ್ತೆಯ ಕಲ್ಲುಮಂಟಪದ ಮುಂದೆ ‘ಡಚ್ಚರ ವ್ಯಾಪಾರ ಕೋಠಿ, ಕ್ರಿ.ಶ. 1660’ ಎಂಬ ಹಸಿರು ಫಲಕ ನೆಟ್ಟು, ಸುತ್ತ ತಂತಿಬೇಲಿ ಹಾಕಿಸಿದ್ದೀರಿ. ದಯವಿಟ್ಟು ಎರಡನ್ನೂ ಕೀಳಿಸಿ. ಅಲ್ಲಿ ಡಚ್ಚರ ಕೋಠಿ ಇರಲಿಲ್ಲ. ನನಗೆ ಹೇಗೆ ಗೊತ್ತೆಂದರೆ, ಆ ಕೋಠಿಯನ್ನು ಕಟ್ಟಿದವನು ನಾನೇ. 1998ರ ಮಾರ್ಚ್ ತಿಂಗಳಲ್ಲಿ, ಬರೀ ಬಾಯಿಂದ, ಹೆಚ್ಚೆಂದರೆ ಐದು ನಿಮಿಷದಲ್ಲಿ.

ನಾನು ದೇವಸ್ಥಾನದ ಹತ್ತಿರದ ಗೈಡು. ಹದಿನಾರು ವರ್ಷದಿಂದ ಕಲ್ಲು ತೋರಿಸಿ ಮಾತಾಡುತ್ತಿದ್ದೇನೆ. ಕಲ್ಲು ಎದುರಾಡುವುದಿಲ್ಲವಾದ್ದರಿಂದ ಕಸುಬು ಸಲೀಸಾಗಿ ನಡೆದಿದೆ. ಆ ದಿನ ಹಾಲೆಂಡಿನ ದಂಪತಿಯ ಕಾರು ಮಂಟಪದ ಮುಂದೆ ಪಂಕ್ಚರಾಯಿತು. ಡ್ರೈವರ್ ಚಕ್ರ ಬದಲಿಸುವ ತನಕ ಅವರನ್ನು ನೆರಳಲ್ಲಿ ಕೂರಿಸಿದೆ. ‘ನಮ್ಮವರು ಇಲ್ಲಿಗೂ ಬಂದಿದ್ದರೇನು?’ ಎಂದು ಆ ಯಜಮಾನರು ಕೇಳಿದರು. ಇಲ್ಲ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಅತಿಥಿಯ ಮುಖ ಬಾಡಬಾರದಲ್ಲ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ, ಡಚ್ಚರ ಕೋಠಿಗಳಿದ್ದ ಊರುಗಳಾದ ಪುಲಿಕಾಟ್, ನಾಗಪಟ್ಟಣ, ಕೊಚ್ಚಿ ನಾಲಿಗೆಯ ತುದಿಗೆ ಬಂದವು. ಅವುಗಳ ಬಾಲಕ್ಕೆ ಹಳೇಬೀಡನ್ನೂ ಕಟ್ಟಿದೆ. ಕಂಬದ ತೂತುಗಳನ್ನು ತೋರಿಸಿ, ಮೆಣಸು ತೂಗುವ ತಕ್ಕಡಿ ನೇತುಹಾಕುತ್ತಿದ್ದದ್ದು ಇಲ್ಲೇ ಎಂದೆ. ಅವರ ಹೆಂಡತಿ ಒಂದು ತೂತನ್ನು ಬೆರಳಿಂದ ಸವರಿ ಕಣ್ಣೊರೆಸಿಕೊಂಡರು. ನನಗೆ ನಾಚಿಕೆಯಾಗಬೇಕಿತ್ತು, ಸಂತೋಷವಾಯಿತು. ಆ ತೂತಿಗೆ ಎತ್ತಿನ ಹಗ್ಗ ಕಟ್ಟುವುದನ್ನು ಚಿಕ್ಕಂದಿನಿಂದಲೂ ನೋಡಿದ್ದೇನೆ.

ಮೂರು ವರ್ಷದ ನಂತರ ತಾವು ಅತಿಥಿಗಳೊಡನೆ ದಯಮಾಡಿಸಿದಿರಿ. ಅಷ್ಟರಲ್ಲಿ ಕಥೆ ಹೇಳಿ ಹೇಳಿ ನುಣುಪಾಗಿತ್ತು. ‘ಯಾವ ಇಸವಿ?’ ಎಂದಿರಿ. ಇಸವಿಯಿಲ್ಲದ ಸುಳ್ಳಿಗೆ ಮರ್ಯಾದೆ ಎಲ್ಲಿ? 1660 ಎಂದೆ. ತಾವು ಬರೆದುಕೊಂಡಿರಿ. ಡಚ್ಚರು ಕರಾವಳಿಯ ಬಸರೂರಿನಲ್ಲಿ ವ್ಯಾಪಾರಕ್ಕಿದ್ದದ್ದು ನಿಜವೆಂದೂ, ಘಟ್ಟ ಹತ್ತಿ ಇಲ್ಲಿ ಅಂಗಡಿ ಇಟ್ಟದ್ದಕ್ಕೆ ಆಧಾರವಿಲ್ಲವೆಂದೂ ಪುಸ್ತಕ ತೆರೆದಿದ್ದರೆ ಗೊತ್ತಾಗುತ್ತಿತ್ತು. ನಾನೂ ತೆರೆದದ್ದು ಫಲಕ ನೆಟ್ಟ ಮೇಲೆಯೇ, ಬಿಡಿ.

ಸುಳ್ಳು ಬರೀ ಸುಳ್ಳಾಗಿಯೇ ಉಳಿದಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆದರೆ ಆ ಮಂಟಪದಲ್ಲಿ ಹನ್ನೆರಡು ವರ್ಷದಿಂದ ಮಜ್ಜಿಗೆ ಮಾರುತ್ತಿದ್ದ ಚಲುವಮ್ಮನನ್ನು, ಪ್ರಾಚೀನ ಕೋಠಿಗೆ ಧಕ್ಕೆಯಾಗುತ್ತದೆಂದು ನಿಮ್ಮ ಕಾವಲುಗಾರ ಎಬ್ಬಿಸಿದ. ಈಗ ಆಕೆ ರಸ್ತೆಯಾಚೆ ಬಿಸಿಲಲ್ಲಿ, ತಲೆಗೆ ಗೋಣಿಚೀಲ ಹೊದ್ದು ಕೂರುತ್ತಾಳೆ. ಮಧ್ಯಾಹ್ನದೊಳಗೆ ಮಜ್ಜಿಗೆ ಹುಳಿಯಾಗುತ್ತದೆ. ಹೋದ ವಾರ ತಲೆಸುತ್ತಿ ಬಿದ್ದಳು. ನೀರು ಕುಡಿಸಲು ಓಡಿದೆ.

‘ಉಮಾಶಂಕ್ರಪ್ಪ, ನಿನ್ ಡಚ್ಚರು ಯಾವಾಗ ಖಾಲಿ ಮಾಡ್ತಾರೆ, ಒಸಿ ಕೇಳಿ ಹೇಳು’ ಎಂದಳು. ‘ಇಲ್ಲಾಂದ್ರೆ ಅವ್ರು ಇರ್ಲಿ, ನಾನೊಂದು ಮೂಲೇಲಿ ಕೂತ್ಕತೀನಿ. ನಂದೇನ್ ತಕರಾರಿಲ್ಲ.’

ನನಗೆ ನಗು ಬರಲಿಲ್ಲ. ಮರುದಿನವೇ ನಿಮ್ಮ ಕಚೇರಿಗೆ ತಪ್ಪೊಪ್ಪಿಗೆಯ ಅರ್ಜಿ ತಂದೆ. ಗುಮಾಸ್ತರು ಓದಿ, ‘ಡಚ್ಚರು ಬಂದಿರ್ಲಿಲ್ಲ ಅನ್ನೋದಕ್ಕೆ ದಾಖಲೆ ಇದೆಯೇನ್ರೀ?’ ಎಂದರು. ಬಂದಿದ್ದರು ಎಂದಾಗ ಯಾರೂ ಕೇಳದ ದಾಖಲೆ ಈಗ ಬೇಕಾಯಿತು. ಸುಳ್ಳು ಹೇಳಿದವನು ನಾನೇ ಸ್ವಾಮಿ ಎಂದೆ. ‘ಸುಳ್ಳು ಹೇಳೋರ ಮಾತು ನಂಬೋದ್ ಹೆಂಗ್ರೀ?’ ಎಂದರು. ಅರ್ಜಿ ಮಡಚಿಕೊಂಡು ಬಂದು, ಈಗ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ನನ್ನ ಪರವಾನಗಿ ಕಿತ್ತುಕೊಳ್ಳಿ. ಬೇಕಾದರೆ ಅದೇ ಫಲಕದಲ್ಲಿ ಸುಳ್ಳುಗಾರನೆಂದು ನನ್ನ ಹೆಸರು ಬರೆಸಿ. ಈ ಬೇಸಿಗೆ ಮುಗಿಯುವ ಮೊದಲು ಚಲುವಮ್ಮನಿಗೆ ನೆರಳು ವಾಪಸು ಕೊಡಿ. ಕಾದಾಡಿ ಗಳಿಸಿದ ಕೊಚ್ಚಿಯನ್ನೂ, ನಾಗಪಟ್ಟಣವನ್ನೂ ಡಚ್ಚರು ಕೊನೆಗೆ ಇಂಗ್ಲಿಷರಿಗೆ ಬಿಟ್ಟು ಹೋದರು. ಅವರು ಕಟ್ಟದೇ ಇದ್ದ ಈ ಒಂದನ್ನು ತಾವು ಚಲುವಮ್ಮನಿಗೆ ಬಿಟ್ಟುಕೊಡಲಾರಿರಾ?

ಇಂತಿ,
ಡಚ್ಚರನ್ನು ಘಟ್ಟ ಹತ್ತಿಸಿ, ಇಳಿಸಲಾಗದೆ ಕೂತಿರುವ
ಉಮಾಶಂಕರ್, ಗೈಡು
ಹಳೇಬೀಡು, ಏಪ್ರಿಲ್ 2002