ಯಜಮಾನರ ಜೋಳಿಗೆ ತೊಳೆದದ್ದು

ಹೈರಿಡ್ಜ್, ನೈರೋಬಿ
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಪ್ರೀತಿಯ ಯಜಮಾನರಿಗೆ,

ವತ್ಸಲಾಳ ನಮಸ್ಕಾರ. ಸಮಸ್ತ ಬಂಧುಬಾಂಧವರಿಗೆ ಈ ಮೂಲಕ ಘೋಷಿಸುವುದೇನೆಂದರೆ, ಬೆಂಗಳೂರಿನಲ್ಲಿರುವ ಶ್ರೀಯುತ ಚಕ್ರಪಾಣಿಯವರಿಗೆ, ಅರ್ಥಾತ್ ತಮಗೆ, ಕಳೆದ ಶುಕ್ರವಾರ ಸಂಜೆ ನೈರೋಬಿಯ ನಮ್ಮ ಹಾಲ್‌ನಲ್ಲಿ ಶಾಸ್ತ್ರೋಕ್ತವಾಗಿ ಸ್ನಾನ ಮಾಡಿಸಲಾಯಿತು. ವಿವರ ಆಮೇಲೆ. ಮೊದಲು ಹೇಳಿ, ಅತ್ತೆಯ ಮೊಣಕಾಲು ಹೇಗಿದೆ? ಆಪರೇಷನ್ ಆದ ಕಾಲನ್ನೇ ಮಡಿಸಿ ಕೂತು ಹೂ ಕಟ್ಟುತ್ತಾರಂತೆ, ಬಿಡಬೇಡಿ. ನಿಮ್ಮ ಊಟ ತಿಂಡಿ ಸರಿಯಾಗಿದೆಯೇ? ಇದನ್ನು ಕೇಳಲು ಈಗ ನನಗೆ ಭಯ. ನೀವು ಏನೇನು ತಿನ್ನುತ್ತೀರಿ ಎಂದು ನೋಡಿಬಿಟ್ಟಿದ್ದೇನೆ.

ಟಿವಿಯ ಕೆಳಗಿನ ನಿಮ್ಮ ವಿಡಿಯೋ ಆಟದ ಡಬ್ಬಿಯ ಧೂಳು ಒರೆಸುವಾಗ ಅದು ಆನ್ ಆಯಿತು. ಕಾಡು, ಬೆಟ್ಟ, ಹಿಮ. ಮಧ್ಯದಲ್ಲಿ ಗಡ್ಡ ಬಿಟ್ಟುಕೊಂಡು ನಿಮ್ಮದೇ ಹೆಸರಿನ ವೀರ. ಎತ್ತ ಬೇಕಾದರೂ ಹೋಗಬಹುದು, ಕೇಳುವವರಿಲ್ಲ ಎಂದು ವರ್ಣಿಸುತ್ತಿದ್ದಿರಲ್ಲ, ಸರಿ, ಹೋದೆ. ಹುಲ್ಲುಗಾವಲಿನಲ್ಲಿ ಕುದುರೆ ಓಡಿಸಿದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ದಿನಾ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಮಟಾಟು ವ್ಯಾನುಗಳ ಹೊಗೆ ಕುಡಿದು ತೆವಳುವವಳಿಗೆ ಅದು ವೈಕುಂಠ. ಅಷ್ಟರಲ್ಲಿ ತೋಳ ಕಚ್ಚಿತು. "ಅಮ್ಮಾ, ಈಟ್ ಸಮ್‌ಥಿಂಗ್! ಓಪನ್ ಅಪ್ಪಾಸ್ ಬ್ಯಾಗ್!" ಎಂದು ಶ್ರದ್ಧಾ ಸೋಫಾದಿಂದ ಕಿರುಚಿದಳು. ತೆರೆದೆ.

ಥೂ! ಏನ್ರೀ ಅದು? ಜಿಂಕೆಯ ಹಸಿ ಲಿವರ್. ಯಾವುದೋ ರಾಕ್ಷಸನ ಕೊಬ್ಬು. ಕಪ್ಪೆಯ ಕಣ್ಣುಗಳು, ರಾಶಿ. ಸಾರಿನಲ್ಲಿ ಬೆಳ್ಳುಳ್ಳಿ ವಾಸನೆ ಬಂದರೆ ತಟ್ಟೆ ಸರಿಸುವ ಮಹಾನುಭಾವರು ಓಡುತ್ತೋಡುತ್ತಲೇ ಹಸಿ ಮಾಂಸ ನುಂಗಿ ಆರೋಗ್ಯ ಸುಧಾರಿಸಿಕೊಳ್ಳುತ್ತಾರೆ! ಅದೂ ಹೋಗಲಿ, ಬೂಟು, ಕವಚ ಎಲ್ಲ ಹೆಣದ ಮೇಲಿಂದ ಕಿತ್ತದ್ದಂತೆ. "ಎವ್ರಿಬಡಿ ಲೂಟ್ಸ್, ಅಮ್ಮಾ" ಅನ್ನುತ್ತಾಳೆ ನಿಮ್ಮ ಸುಪುತ್ರಿ. ಸ್ಮಶಾನಕ್ಕೆ ಹೋಗಿಬಂದವರು ತಲೆಗೆ ನೀರು ಸುರಿದುಕೊಳ್ಳದೆ ಹೊಸ್ತಿಲು ದಾಟಬಾರದು ಎಂದು ನನಗೆ ಪಾಠ ಹೇಳಿದವರು ಯಾರು? ಅದೇ ನೀವು ಹೆಣದ ಬೂಟಿನಲ್ಲೇ ಹಾಸಿಗೆಯ ಮೇಲೆ ಬಿದ್ದುಕೊಳ್ಳುತ್ತೀರಿ!

ಆದ್ದರಿಂದ ಶ್ರದ್ಧಾ ಟ್ಯೂಷನ್ನಿಗೆ ಹೋದಾಗ ನಿಮ್ಮನ್ನು ಹೊಳೆಗೆ ನಡೆಸಿಕೊಂಡು ಹೋದೆ. ಎಲ್ಲ ಬಿಚ್ಚಿಸಿದೆ (ಚಡ್ಡಿ ಬಿಚ್ಚಿಸಲು ಆಟ ಒಪ್ಪಲಿಲ್ಲ, ಅಷ್ಟು ಮರ್ಯಾದೆ ಅದಕ್ಕಿದೆ). ಮೂರು ಮುಳುಗು ಹಾಕಿಸಿದೆ, ಮಂತ್ರ ನಾನೇ ಹೇಳಿದೆ. ಜೋಳಿಗೆಯ ಗಲೀಜನ್ನೆಲ್ಲ ನೀರಿಗೆ ಬಿಟ್ಟು, ಆಟವನ್ನು ಹಳೆಯದರ ಮೇಲೆಯೇ ಸೇವ್ ಮಾಡಿ, ನಾನೂ ಸ್ನಾನ ಮಾಡಿದೆ.

ಅತ್ತೆಗೆ ನನ್ನ ನಮಸ್ಕಾರ. ಅವರ ಕಾಲು ಜೋಪಾನ, ನಿಮ್ಮ ಹೊಟ್ಟೆ ಜೋಪಾನ.

ಸದ್ಯಕ್ಕೆ ನಾಲ್ಕು ಮಾರು ದೂರದಿಂದಲೇ,
ನಿಮ್ಮ ವತ್ಸಲಾ

ತಾ.ಕ.: ಈ ಕಾಗದ ತರುತ್ತಿರುವ ಸೌತ್ ಸಿ ಬಡಾವಣೆಯ ಪ್ರಶಾಂತ್ ಬಾಗಿಲಲ್ಲಿ ನಿಂತು "ಅಕ್ಕಾ, ಫ್ಲೈಟ್ ಮಿಸ್ ಆಗತ್ತೆ" ಅನ್ನುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ನೀರಿಗೆ ಬಿಟ್ಟದ್ದರಲ್ಲಿ ಕಪ್ಪಗೆ ಕೊಳೆತು, ಇನ್ನೂ ಮಿಡಿಯುತ್ತಿದ್ದ ಒಂದು ಹೃದಯವಿತ್ತು. ಎಲ್ಲಕ್ಕಿಂತ ಅಸಹ್ಯ ಎಂದು ಮೊದಲು ಅದನ್ನೇ ಎಸೆದೆ. ನಿನ್ನೆ ಮಾತಿಗೆ ಮಾತು ಬಂದು ಶ್ರದ್ಧಾ ಹೇಳಿದಳು: ಡ್ರ್ಯಾಗನ್‌ನ ಹೃದಯವಿಲ್ಲದೆ ಆಟದ ಕೊನೆಯ ಬಾಗಿಲು ತೆರೆಯದಂತೆ, ಪರೀಕ್ಷೆ ಮುಗಿಸಿದರೆ ನೀವು ಬಂದ ದಿನ ಇಬ್ಬರೂ ಸೇರಿ ತೆರೆಯುವುದಂತೆ. "ಅಪ್ಪಾ ಪ್ರಾಮಿಸ್ಡ್" ಅಂದಳು. ಆ ಮುಖ ನೋಡಿ, ಎಸೆದ ಸಂಗತಿ ಹೇಳದೆ ಅಡುಗೆಮನೆಗೆ ನಡೆದೆ. ಪರೀಕ್ಷೆ ಮುಗಿಯುವವರೆಗೆ ಅವಳು ಆಟ ಮುಟ್ಟುವುದಿಲ್ಲ. ಆದರೆ ನನ್ನ ಫೋನಿನ ಮೆಸೇಜೆಲ್ಲ ಓದುತ್ತಾಳೆ, ಅದಕ್ಕೇ ಈ ಕಾಗದ. ಹಿಮಬೆಟ್ಟದ ಮೇಲೆ ಇನ್ನೊಂದು ಡ್ರ್ಯಾಗನ್ ಇದೆ, ಕಂಡುಹಿಡಿದಿದ್ದೇನೆ. ಪ್ರತಿ ಸಲವೂ ಸುಟ್ಟುಹಾಕುತ್ತದೆ. ಹೊಸದಾಗಿ ಜಿಂಕೆ ಹೊಡೆದು, ಕಣ್ಣು ಮುಚ್ಚಿಕೊಂಡು ನಿಮಗೆ ಲಿವರ್ ಕೂಡ ತಿನ್ನಿಸಿದೆ, ದೇವರು ಕ್ಷಮಿಸಲಿ. ಅದು ಬೆಂಕಿ ಉಗುಳುವಾಗ ಪಕ್ಕಕ್ಕೆ ಹಾರಲು ಯಾವ ಬಟನ್ ಒತ್ತಬೇಕು? ಚೀಟಿಯಲ್ಲಿ ಬರೆದು, ಅತ್ತೆಯ ಉಪ್ಪಿನಕಾಯಿ ಡಬ್ಬಿಯ ತಳಕ್ಕೆ ಅಂಟಿಸಿ, ಭಾನುವಾರ ವಾಪಸ್ ಬರುವ ಪ್ರಶಾಂತನ ಕೈಯಲ್ಲಿ ಕಳಿಸಿ. ಎಡಕ್ಕೆ ಹಾರಬೇಕೋ ಬಲಕ್ಕೋ, ಅದನ್ನೂ ಬರೆಯಿರಿ.